ಅಣ್ಣನ ಹೆಸರಿನ ಉಸಿರು

ಸಿಮೆಂಟ್ ಧೂಳಿನಿಂದ ಕಾರ್ಮಿಕರ ಶ್ವಾಸಕೋಶಕ್ಕೆ ಹಾನಿಯಿಲ್ಲವೆಂದು ವಿಶ್ವವಿದ್ಯಾಲಯದ ಸಂಶೋಧಕರು ಸಾರ್ವಜನಿಕ ಉಪನ್ಯಾಸದಲ್ಲಿ, ಕಾರ್ಖಾನೆಯ ಹಲವು ವರ್ಷಗಳ ಉಸಿರಿನ ಪರೀಕ್ಷೆಯ ದಾಖಲೆಗಳನ್ನು ಪರದೆಗೆ ಹಾಕಿ ತೋರಿಸಿದ್ದರು. ಚಹಾ ಕುಡಿದು ಬಂದ ಮೇಲೆ ಪ್ರಶ್ನೆ ಕೇಳಬಹುದಿತ್ತು. ಚಹಾದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು, ಅವಳ ಮೈದುನ.

“ಅತ್ತಿಗೆ, ಅವರು ಪರದೆ ಮೇಲೆ ತೋರಿಸಿದ್ದು ನನ್ನ ಉಸಿರು.”

“ಮೆಲ್ಲಗೆ ಮಾತಾಡೋ.”

“ಅಣ್ಣನ ಸರದಿ ಬಂದಾಗ ಆ ಕೊಳವೆ ಊದಿದ್ದು ನಾನು ತಾನೇ? ಅವನು ಊದಿದ್ರೆ ಕೆಮ್ಮು ಕಿತ್ಕೊಂಡು ಬಂದು ಕೆಲಸಾನೇ ಹೋಗ್ತಿತ್ತು.”

“ನೀನೊಬ್ನೇನಾ? ಕೆಮ್ಮೋರ ಮನೆಯಿಂದೆಲ್ಲ ಯಾರೋ ಒಬ್ಬ ಗಟ್ಟಿಮುಟ್ಟಾದವನು ಹೋಗಿ ಊದಿ ಬಂದ.”

“ಅದಕ್ಕೇ ಧೂಳು ಒಳ್ಳೇದಾಯ್ತು, ಅಣ್ಣ ಮಣ್ಣು ಸೇರಿದ. ಇವತ್ತು ಎದ್ದು ನಿಂತು ಹೇಳಿಬಿಡ್ತೀನಿ.”

“ಹೇಳಿದ್ರೆ ನಿಮ್ಮಣ್ಣ ಎದ್ದು ಬರ್ತಾರಾ?”

“ಈಗ ನಿಮ್ಮ ಮಗನೂ ಅಲ್ಲೇ ದುಡೀತಿದಾನಲ್ಲ, ಅತ್ತಿಗೆ.”

“ಅದಕ್ಕೇ ಬೇಡ ಅಂತಿರೋದು.”

“ಅವನಿಗೇನು ಭಯ? ಮೊನ್ನೆ ತಾನೇ ಊದಿ ಪಾಸಾದ.”

ಅವಳು ಕೈಯಲ್ಲಿದ್ದ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

“ಅವನ ಕೈಲೆಲ್ಲಿ ಆಗುತ್ತೋ? ಊದಿದ್ದು ನಿನ್ನ ಮಗ.”

ಗಂಟೆ ಹೊಡೆಯಿತು. ಎಲ್ಲರೂ ಸಭಾಂಗಣದ ಕಡೆ ತಿರುಗಿದರು. ಅವರಿಬ್ಬರು ಗೇಟಿನ ಕಡೆ ನಡೆದರು.