ಕಾಶತ್ತಿಯ ಐದನೇ ತಂಬಿಗೆ

ಮೊದಲು ಆ ಟೀವಿ ಆರಿಸಿ. ಬಾಗಿಲೂ ಮುಂದೆ ಮಾಡಿ.

ಇದು ಯಾರೋ ಹೇಳಿದ್ದು, ಇನ್ಯಾರೋ ಕೇಳಿದ್ದು ಅಲ್ಲ. ತಿಕೋಟಾದಲ್ಲಿ ನಮ್ಮ ಮನೆಗೂ ಸಿದ್ದಲಿಂಗೇಶನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ ಅವನು. ದೆವ್ವ ಅಂದರೆ, "ಕರಕೊಂಡು ಬಾ, ಎಷ್ಟು ಫೂಟು ಉದ್ದ ಐತಿ ಅಳದು ನೋಡೂಣು" ಎಂದು ನಗುತ್ತಿದ್ದ. ಈಗ ನಗುವುದಿಲ್ಲ.

ಹೋದ ವರ್ಷ, ಸಂಕ್ರಾಂತಿ ಕಳೆದು ಎಂಟು ದಿನ. ವಿಜಯಪುರ. ರಾತ್ರಿ ಹತ್ತೂವರೆ. ಖಾನಾವಳಿಯಲ್ಲಿ ಉಂಡು ಸಿದ್ದಲಿಂಗೇಶ ಲಾಡ್ಜಿಗೆ ನಡೆದು ಹೊರಟಿದ್ದ. ಹತ್ತಿರದ ದಾರಿ ಹಳೆಯ ಬಾವಡಿಯ ಮಗ್ಗುಲಿನದು. ಬಾದಶಹರ ಕಾಲದ ಮೆಟ್ಟಿಲು ಬಾವಿ. ಸುತ್ತ ಕಬ್ಬಿಣದ ಜಾಲಿ ಹಾಕಿ, ಗೇಟಿಗೆ ಬೀಗ ಜಡಿದು ವರ್ಷಗಳೇ ಆಗಿವೆ. ಅಲ್ಲಿ ಎರಡು ಬೀದಿದೀಪ, ಉರಿಯುವುದು ಒಂದೇ.

ಗುಳು... ಗುಳು... ಗುಳು...

ಕೆಳಗೆ ಯಾರೋ ನೀರಲ್ಲಿ ಪಾತ್ರೆ ಮುಳುಗಿಸಿ ತುಂಬಿಕೊಳ್ಳುವ ಸದ್ದು. ಸಿದ್ದಲಿಂಗೇಶ ನಿಂತ. ಸದ್ದೂ ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಸರಕ್... ಟಪ್. ಸರಕ್... ಟಪ್. ಒಂದು ಕಾಲು ಎಳೆದು, ಒಂದು ಕಾಲು ಊರುವ ನಡಿಗೆ. ಕಲಿಯುವಾಗ ಎರಡು ವರ್ಷ ದಿನಾ ನಸುಕಿನಲ್ಲಿ ಅದೇ ಸದ್ದಿಗೆ ಎದ್ದವನು ಅವನು. ಸೋದರತ್ತೆ ಕಾಶತ್ತಿಯ ನಡಿಗೆ.

"ಸಿದ್ದಾ... ಊಟ ಆತೇನೋ ಯಪ್ಪಾ?"

ಪಿಸುದನಿ. ಜಾಲಿಯ ಹತ್ತಿರ ಹಸಿರು ಇಲಕಲ್ಲ ಸೀರೆ, ಕೈಯಲ್ಲಿ ತಂಬಿಗೆ.

ನೀವಾಗಿದ್ದರೆ ಓಡುತ್ತಿದ್ದಿರಿ. ಅವನೂ ಹೆದರಿದ, ಆದರೆ ದೆವ್ವಕ್ಕಲ್ಲ. ದೆವ್ವದ ಯೋಚನೆಯೇ ಬರಲಿಲ್ಲ ಅವನಿಗೆ. ಅತ್ತೆಯ ಕಣ್ಣಿಗೆ ಬಿದ್ದೆನಲ್ಲ ಎಂದು ಹೆದರಿದ. ಐವತ್ತು ದಾಟಿದ ಮಾಸ್ತರ, ಮಗಳ ಲಗ್ನ ಮಾಡಲು ಹೊರಟವನು, ಅಲ್ಲಿ ನಿಲ್ಲಿಸಿದ್ದ ಟಂಟಂ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅಡಗಿಕೊಂಡ. ಆ ಸದ್ದು ಗಾಡಿಯ ಆಚೆಗೆ ಬಂತು. ಸರಕ್... ಟಪ್. ಒಂದು ಗಳಿಗೆ ನಿಂತಿತು. ಮತ್ತೆ ಹೊರಟು ಹೋಯಿತು.

ಬೀಗ ಹಾಕಿದ ಗೇಟಿನಿಂದ ಹೇಗೆ ಹೊರಬಂದಳು ಎಂದು ಅವನು ಆಗ ಯೋಚಿಸಲಿಲ್ಲ. ನಾಚಿಕೆಗೆ ಬಿದ್ದವನಿಗೆ ಲೆಕ್ಕವೂ ಮರೆತುಹೋಗುತ್ತದೆ.

ಯಾಕೆ ಅಡಗಿದ, ಅದನ್ನೂ ಹೇಳುತ್ತೇನೆ.

ಕಾಶಿಬಾಯಿ ಅವನ ಅಪ್ಪನ ತಂಗಿ. ತಿಕೋಟಾಕ್ಕೆಲ್ಲ ಕಾಶತ್ತಿ. ವಿಜಯಪುರಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತ, ಯಾರ ಹಂಗಿಗೂ ಬೀಳದೆ ಬದುಕಿದಳು. ಬಾವಡಿಯ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿಯ ಮನೆ. ತಿಕೋಟಾದಿಂದ ದವಾಖಾನೆಗೆ ಬಂದವರು, ಕೋರ್ಟಿಗೆ ಬಂದವರು, ಪರೀಕ್ಷೆಗೆ ಬಂದವರು ಇಳಿಯುವುದು ಅಲ್ಲೇ. ನಾನೂ ಇಳಿದವನೇ. ಎಷ್ಟು ಹೊತ್ತಿಗೆ ಹೋದರೂ ಕೌದಿ ಹಾಸುತ್ತಿದ್ದಳು. ತಲೆದೆಸೆಗೆ ಒಂದು ಹಿತ್ತಾಳೆ ತಂಬಿಗೆ ತುಂಬ ನೀರು ಇಡುತ್ತಿದ್ದಳು. ಠಣ್! "ರಾತ್ರಿ ನೀರಡಿಸಿದ್ರ ಇಲ್ಲೇ ಐತಿ ನೋಡ್ರಿ." ಅಂಥ ತಂಬಿಗೆ ಅವಳ ಹತ್ತಿರ ಐದು. ಲಗ್ನದಲ್ಲಿ ತವರಿನವರು ಕೊಟ್ಟದ್ದು. ಐದರ ಮೇಲೂ ಅವಳ ಹೆಸರು ಕೊರೆಸಿತ್ತು.

ಊರಲ್ಲಿ ಮನೆ ಇರುವಾಗ ಲಾಡ್ಜಿನಲ್ಲಿ ಇಳಿಯುವುದೆಂದರೆ, ನಮ್ಮ ಕಡೆ, ಆ ಮನೆಯವರು ಸತ್ತುಹೋದರು ಎಂದು ಸಾರಿದ ಹಾಗೆ.

ಸಿದ್ದಲಿಂಗೇಶನ ಮಗಳು ವಿದ್ಯಾವತಿಗೆ ಸಾಂಗ್ಲಿಯಿಂದ ಸಂಬಂಧ ಬಂದಿತ್ತು. ಹುಡುಗ, ಅವನ ಅಪ್ಪ, ಅವ್ವ, ಚಿಕ್ಕಪ್ಪ, ಒಟ್ಟು ನಾಲ್ಕು ಜನ. ಎರಡು ದಿನ ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿಕೊಂಡು, ಆಮೇಲೆ ತಿಕೋಟಾಕ್ಕೆ ಬಂದು ಮಾತುಕತೆ. ಕಾಶತ್ತಿಯ ಮನೆಯ ಹೊಗೆ ಹಿಡಿದ ಗೋಡೆ ಸಿದ್ದಲಿಂಗೇಶನ ಕಣ್ಣಿಗೆ ಬಂತು. ಗಲ್ಲಿಯ ಕೊನೆಗಿರುವ ಸಂಡಾಸು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಕಾಶತ್ತಿಯ ಬಾಯಿ ನೆನಪಾಯಿತು. "ನಮ್ಮ ಸಿದ್ದ ನನ್ನ ರೊಟ್ಟಿ ಬುಟ್ಟಿ ತಲಿಮ್ಯಾಲೆ ಹೊತ್ತು, ಖಾನಾವಳಿಗೆ ಹಾಕಿ ಕಲ್ತಾನ್ರೀ" ಎಂದು ಹೆಮ್ಮೆಯಿಂದ ಹೇಳಿಯೇ ತೀರುತ್ತಿದ್ದಳು. ಬೀಗರಾಗುವವರ ಮುಂದೆ! ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ.

ಸಾಧಾರಣ ಲಾಡ್ಜೊಂದನ್ನು ಹುಡುಕಿದ. ಎರಡು ರೂಮು. ಕಿಟಕಿಯಿಂದ ಗುಮ್ಮಟ ಕಾಣಬೇಕು, ಬೆಳಿಗ್ಗೆ ಬಿಸಿನೀರು ಬರಬೇಕು, ತಿಗಣೆ ಇರಬಾರದು. ಗಣಿತದ ಮಾಸ್ತರ ನೋಡಿ, ತಾಳೆ ನೋಡದೆ ಬಿಡುವವನಲ್ಲ. ಅವರು ಬರುವ ಹಿಂದಿನ ರಾತ್ರಿ ತಾನೇ ಮಲಗಿ ಪರೀಕ್ಷೆ ಮಾಡುವುದೆಂದು ನಿಶ್ಚಯಿಸಿದ.

ಹೆಂಡತಿ ನಂದಾಳಿಗೆ ಇದು ಸರಿಬರಲಿಲ್ಲ.

"ಕಾಶತ್ತಿ ಇರೂಮುಂದ ಲಾಡ್ಜಾ? ಆಕಿಗೆ ಏನಂತ ಹೇಳ್ತೀರಿ?"

"ಏನೂ ಹೇಳೂದಿಲ್ಲ. ನೀನೂ ಬಾಯಿ ಬಿಡಬ್ಯಾಡ."

ಯಾವ ಲಾಡ್ಜು ಎಂದು ಅವಳಿಗೂ ಹೇಳಲಿಲ್ಲ.

ಆ ಸಂಜೆ ಶಾಲೆ ಬಿಟ್ಟು, ಬಬಲೇಶ್ವರದಿಂದ ಬಸ್ಸು ಹತ್ತಿದ. ವಿಜಯಪುರ ಇನ್ನೇನು ಬಂತು ಅನ್ನುವಾಗ ಫೋನು ಹೊಡೆದುಕೊಂಡಿತು. ಯಾಸೀನ. ಕಾಶತ್ತಿಯ ನೆರೆಮನೆಯ ಬೀಬಿಜಾನಳ ಮಗ. ಕಾಶತ್ತಿ ಯಾವಾಗಲೂ ಫೋನು ಮಾಡಿಸುವುದು ಅವನ ಕೈಯಿಂದಲೇ. ಇವಳಿಗೆ ಸುದ್ದಿ ಹತ್ತಿತಪ್ಪ, ಎಂದುಕೊಂಡ. ಎತ್ತಲಿಲ್ಲ. ಮತ್ತೆ ಬಂತು. ಮೂರನೇ ಸಲ ಬಂದಾಗ ಫೋನನ್ನೇ ಆರಿಸಿ ಕಿಸೆಗೆ ಹಾಕಿದ.

ಲಾಡ್ಜಿನ ಮ್ಯಾನೇಜರ್ ರಾಜಾರಾಮ ದೊಡ್ಡ ರಿಜಿಸ್ಟರು ತೆಗೆದ.

"ಊರಾಗ ಗುರ್ತಿನವರು, ಬಳಗದವರು ಯಾರರ ಅದಾರೇನ್ರಿ ಮಾಸ್ತರ? ಬರ್ಕೋಬೇಕು."

"ಯಾರೂ ಇಲ್ರಿ."

ರಾಜಾರಾಮ ಹಾಗೆಯೇ ಬರೆದುಕೊಂಡ.

ಖಾನಾವಳಿಯಲ್ಲಿ ತಟ್ಟೆಗೆ ಬಂದ ರೊಟ್ಟಿಯ ಅಂಚು ನೋಡಿದರೇ ಸಾಕಿತ್ತು, ಯಾರ ಕೈಯದೆಂದು ಅವನಿಗೆ ತಿಳಿಯಿತು. ಬಡಿಸುವವನು, "ಇವು ಮುಂಜಾನೀವು ಅದಾವ್ರಿ. ಸಂಜೀವು ಯಾಕೋ ಬರಲಿಲ್ಲ" ಅಂದ. ಸಿದ್ದಲಿಂಗೇಶ ಏನೂ ಕೇಳಲಿಲ್ಲ. ತಣ್ಣನೆಯ ರೊಟ್ಟಿ ಮುರಿದು ತಿಂದು ಎದ್ದ. ಬಾವಡಿಯ ದಾರಿ ಹಿಡಿದದ್ದು ಆಮೇಲೆ.

ಟಂಟಂ ಹಿಂದಿನಿಂದ ಎದ್ದವನು ನೆಟ್ಟಗೆ ರೂಮಿಗೆ ಬಂದು ಚಿಲಕ ಹಾಕಿದ. ಕಟಕ್. ದೀಪ ಆರಿಸಿ ಮಲಗಿದ. ನಿದ್ದೆ ಎಲ್ಲಿಯದು? ನಲ್ಲಿ ಸೋರುತ್ತಿತ್ತು... ಟಪಕ್... ಟಪಕ್... ನಾಳೆ ರಾಜಾರಾಮನಿಗೆ ಹೇಳಿ ಇದನ್ನು ಸರಿ ಮಾಡಿಸಬೇಕು ಎಂದುಕೊಂಡ.

ನಲ್ಲಿಯ ಸದ್ದು ತಟ್ಟನೆ ನಿಂತಿತು.

ಜಿನೆಯ ಮೆಟ್ಟಿಲ ಮೇಲೆ... ಸರಕ್... ಟಪ್. ಸರಕ್... ಟಪ್.

ಮೇಲೆ ಬಂತು. ಒಂದು ಬಾಗಿಲು ದಾಟಿತು. ಇನ್ನೊಂದು ದಾಟಿತು. ಅವನ ಬಾಗಿಲ ಮುಂದೆ ನಿಂತಿತು.

"ಸಿದ್ದಾ... ಹಾಸಿಗಿ ಹಾಸೇನಿ. ನಡಿ ಮನಿಗೆ."

ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಮಂಚ ಕಿರ್ ಅಂತು.

"ಸಿದ್ದಾ... ಎಚ್ಚರದೀ ಏನೋ?"

ಈಗ ಮುಂದಿನದನ್ನು ಅವನು ನನಗೆ ಹೇಳುವಾಗ ಗೋಡೆಯ ಕಡೆ ಮುಖ ಮಾಡಿ ಹೇಳಿದ. ದನಿ ಬದಲಿಸಿದನಂತೆ. ಗಂಟಲು ದಪ್ಪ ಮಾಡಿ, ಪರಊರಿನವನ ಹಾಗೆ ಹಿಂದಿಯಲ್ಲಿ ಗದರಿದನಂತೆ.

"ಕೌನ್ ಹೈ? ಇಧರ್ ಸಿದ್ದಾ-ಗಿದ್ದಾ ಕೋಯಿ ನಹೀ ಹೈ!"

ಹೊರಗೆ ನೀರು ತುಳುಕಿದ ಸದ್ದು.

"ಹೌದೇನ್ರಿ... ತಪ್ಪಾತ್ರಿ ಯಪ್ಪಾ. ನಮ್ಮ ಹುಡುಗ ಅಂತ ತಿಳದೆ." ಮತ್ತೆ ಸ್ವಲ್ಪ ತಡೆದು, "ನೀವೂ ಪರಸ್ಥಳದವರು. ರಾತ್ರಿ ನೀರಡಿಸಿದ್ರ ಇಲ್ಲೇ ಇಟ್ಟೇನಿ ನೋಡ್ರಿ."

ಠಣ್.

ಹೆಜ್ಜೆ ಜಿನೆ ಇಳಿದು ಹೋಯಿತು. ಬಾಗಿಲು ತೆರೆದು ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತಂತೆ. ಚಿಲಕದ ಮೇಲೆ ಕೈಯನ್ನೂ ಇಟ್ಟನಂತೆ. ತೆಗೆಯಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಆಚೆ ಹಿತ್ತಾಳೆ ತಂಬಿಗೆ. ಕಂಠದ ತನಕ ನೀರು. ಹೊಟ್ಟೆಯ ಮೇಲೆ 'ಕಾಶಿಬಾಯಿ, ತಿಕೋಟಾ.' ರಾಜಾರಾಮನ ಕಣ್ಣಿಗೆ ಬಿದ್ದರೆ? ನೀರನ್ನು ಬೇಸಿನ್ನಿಗೆ ಸುರಿದ. ತಂಬಿಗೆಯನ್ನು ಬೋರಲು ಹಾಕಿ ಬಡಿದ. ಟವೆಲಿನಿಂದ ಒಳಗೆ ಹೊರಗೆ ಒರೆಸಿದ, ಅದೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ತುರುಕಿದ. ಆಮೇಲೆ ಫೋನು ಹಚ್ಚಿದ.

ಹಚ್ಚಿದ ಕೂಡಲೇ ನಂದಾಳ ಫೋನು.

"ಎಲ್ಲಿ ಸತ್ತಿದ್ರಿ ರಾತ್ರಿಯೆಲ್ಲಾ?" ಅಳುತ್ತಿದ್ದಳು. "ಕಾಶತ್ತಿ ಹೋದ್ರು. ನಿನ್ನೆ ಸಂಜಿಮುಂದ... ದೀಪಾ ಹಚ್ಚೂ ಹೊತ್ತಿಗೆ. ನಾವೆಲ್ಲಾ ರಾತ್ರೀನ ಬಂದೇವಿ."

ದೀಪ ಹಚ್ಚುವ ಹೊತ್ತು. ಫೋನು ಮೂರು ಸಲ ಹೊಡೆದುಕೊಂಡ ಹೊತ್ತು. ಅವನು ಗೋಡೆ ಹಿಡಿದು ಕೂತ.

ಆ ಮನೆಯಲ್ಲಿ ನಾನೂ ಇದ್ದೆ, ಹೊಸ್ತಿಲ ಹತ್ತಿರ. ಕಾಶತ್ತಿಯನ್ನು ಹಸಿರು ಇಲಕಲ್ಲ ಸೀರೆಯಲ್ಲಿ, ವಿಭೂತಿ ಹಚ್ಚಿ, ಗೋಡೆಗೆ ಕೂರಿಸಿದ್ದರು. ಮಗ್ಗುಲಿಗೆ ಒಂದು ಹಾಸಿಗೆ ಹಾಸಿದ್ದು ಹಾಗೇ ಇತ್ತು. ಸಿದ್ದಲಿಂಗೇಶ ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ಬಂದ.

"ರಾತ್ರಿ ಬರಾಂವ ಇದ್ಯಂತಲ್ಲೋ ಬೇಟಾ, ಎಲ್ಲಿ ಉಳದಿ?" ಬೀಬಿಜಾನ ಕೇಳಿದಳು.

"ಸಾಲಿ ಕೆಲಸ ಬಂತು... ಬಬಲೇಶ್ವರದಾಗ ಉಳದೆ. ಈಗ ಮೊದಲನೇ ಬಸ್ಸಿಗೆ ಬಂದೆ."

ನಂದಾ ತಲೆ ತಗ್ಗಿಸಿದಳು. ಅವಳಿಂದ ಮುಚ್ಚಿಡಲಾಗಿರಲಿಲ್ಲ. ನಿನ್ನೆ ಮಧ್ಯಾಹ್ನ ಯಾಸೀನನ ಫೋನಿಗೆ ಹಚ್ಚಿ, ಇವರು ರಾತ್ರಿ ನಿಮ್ಮಲ್ಲೇ ಬರ್ತಾರ ಎಂದಿದ್ದಳು. ಅತ್ತೆ ಕರೆದರೆ ಗಂಡನಿಗೆ ನಾಚಿಕೆಯಾಗಿಯಾದರೂ ಹೋದಾನು ಎಂದು.

"ಸಂಜಿ ರೊಟ್ಟಿ ಸುದ್ದಾ ಬಡೀಲಿಲ್ಲ," ಬೀಬಿಜಾನ ಹೇಳಿದಳು. "ನಮ್ಮ ಸಿದ್ದ ಬರ್ತಾನ ಅಂತ ನಿನ್ನ ಹಾಸಿಗಿ ಹಾಸಿದ್ಳು. ತಲಿದೆಸಿಗೆ ತಂಬಿಗಿ ತುಂಬಿಟ್ಳು. ಗ್ವಾಡಿಗೆ ಆತು ಕುಂತ್ಳು. ಅಷ್ಟ..."

ಅವಳನ್ನು ಎತ್ತುವ ಮೊದಲು ತವರಿನವರ ಕೈಯಿಂದ ಬಾಯಿಗೆ ನೀರು ಬೀಳಬೇಕು, ಅದೂ ತವರಿನ ತಂಬಿಗೆಯಿಂದ. ಕಾಶತ್ತಿ ಬದುಕಿದ್ದಾಗಲೇ ಹೇಳಿಟ್ಟ ಮಾತು ಅದು. ಅವಳ ತವರೆಂದರೆ ಉಳಿದವನು ಸಿದ್ದಲಿಂಗೇಶ ಒಬ್ಬನೇ. ಹಾಸಿಗೆಯ ಹತ್ತಿರ ನೋಡಿದರೆ ತಂಬಿಗೆ ಇಲ್ಲ. ಗೋಡೆಯ ಮಾಡಿನಲ್ಲಿ ನಾಲ್ಕೇ. ಹೆಂಗಸರು ಹುಡುಕಿದರು. ನಮ್ಮೂರ ರಾಯಪ್ಪನಿಗೆ ನಾಲಗೆ ಸುಮ್ಮನಿರದು.

"ಆಜೂಬಾಜೂದವರು ಬಂದು ಹೋಗ್ಯಾರ. ಯಾರ ಕೈ ಹೆಂಗೋ, ಯಾರಿಗೆ ಗೊತ್ತು?" ಎಂದು ಯಾಸೀನನ ಕಡೆ ನೋಡಿದ.

ರಾತ್ರಿಯೆಲ್ಲ ಹೆಣದ ಹತ್ತಿರ ಕೂತಿದ್ದ ಯಾಸೀನ. ಅವನ ಮುಖ ಸಣ್ಣದಾಯಿತು. ಬೀಬಿಜಾನ ಸೆರಗು ಬಾಯಿಗೆ ಒತ್ತಿಕೊಂಡಳು.

ಸಿದ್ದಲಿಂಗೇಶ ಎದ್ದು ನಿಂತ.

"ಹುಡುಕಬ್ಯಾಡ್ರಿ. ನನ್ನ ಕಡೆ ಐತಿ."

ಎಲ್ಲರೂ ತಿರುಗಿದರು.

"ನಾ ಬಬಲೇಶ್ವರದಾಗ ಇರಲಿಲ್ಲ. ಇಲ್ಲೇ ಇದ್ದೆ... ಲಾಡ್ಜಿನಾಗ. ಈ ಮನಿ ಬೀಗರಿಗೆ ತೋರಸಾಕ ನಾಚಿಕಿ ಬಂತು ನನಗ. ಯಾಸೀನನ ಫೋನು ನಾನ ಎತ್ತಲಿಲ್ಲ. ರಾತ್ರಿ ಆಕಿ ಕರ್ಯಾಕ ಬಂದಿದ್ಳು... ಸಿದ್ದ ಇಲ್ಲಿಲ್ಲ ಅಂದೆ."

ಬೈದಿದ್ದರೆ ಎಷ್ಟೋ ಚಲೋ ಇತ್ತು ಅನ್ನುತ್ತಾನೆ ಅವನು, ಇವತ್ತಿಗೂ. ಚೀಲದ ಜಿಪ್ಪು ಎಳೆದ. ಝರ್ರ್... ಕೈ ಒಳಗಿಟ್ಟವನು ಹಾಗೇ ನಿಂತುಬಿಟ್ಟ. ಆಮೇಲೆ ಎರಡೂ ಕೈಯಿಂದ, ತುಳುಕದ ಹಾಗೆ, ಮೆಲ್ಲಗೆ ಹೊರಗೆ ತೆಗೆದ.

ತಂಬಿಗೆ ಕಂಠದ ತನಕ ತುಂಬಿತ್ತು.

ಅದೇ ನೀರನ್ನು ಅತ್ತೆಯ ಬಾಯಿಗೆ ಬಿಟ್ಟ. ಅಳುತ್ತ ಬಿಟ್ಟ. ಸಾಂಗ್ಲಿಯವರು ಬಂದು ಮಣ್ಣಿಗೆ ನಿಂತರು. ಆ ರಾತ್ರಿ ಲಾಡ್ಜಿಗೆ ಹೋಗದೆ ಅದೇ ಮನೆಯಲ್ಲಿ, ಅವಳ ಕೌದಿಗಳ ಮೇಲೆಯೇ ಮಲಗಿದರು. ಲಗ್ನವೂ ಆಯಿತು.

ನೀವು ನಂಬಿ, ಬಿಡಿ. ಬೀಬಿಜಾನ ಇದ್ದಾಳೆ, ಹೋಗಿ ಕೇಳಿ. ಚೀಲದಿಂದ ಆ ಟವೆಲ್ ತೆಗೆದು ಮಡಿಚಿಟ್ಟವನು ನಾನೇ. ಒಣಗಿತ್ತು.