ಕಣ್ಣು ಮುಚ್ಚಿ ಕೇಳುತ್ತಿದ್ದ ಶಾಸಕರು

ಮಾನ್ಯ ಅಧ್ಯಕ್ಷರೇ, ನೂತನ ಶಾಸಕರೇ, ಸಭಿಕರೇ,

ವೇದಿಕೆಯ ಮೇಲಿರುವ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾ ಹೋದರೆ ನನ್ನ ಸಮಯ ಅದಕ್ಕೇ ಮುಗಿದೀತು. ಮನ್ನಿಸಿ.

ನನ್ನ ಪತಿ ಕುಟುಂಬದವರ ನಡುವೆ, ಹಾಸಿಗೆಯ ಮೇಲೆ ಶಾಂತವಾಗಿ ಕಣ್ಣುಮುಚ್ಚಿದರೆಂದು ಕಾರ್ಯದರ್ಶಿಗಳು ಈಗಷ್ಟೇ ಹೇಳಿದರು. ಅದು ತಪ್ಪು. ಬದುಕಿಡೀ ಮಕ್ಕಳ ತಪ್ಪು ತಿದ್ದಿದವಳು, ಕಾರ್ಯದರ್ಶಿಗಳನ್ನು ಸುಮ್ಮನೆ ಬಿಟ್ಟೇನೆಯೇ? ಅವರು ತೀರಿಕೊಂಡದ್ದು ಮನೆಯ ಮುಂದಿನ ಕೋಣೆಯಲ್ಲಿ, ಬೆತ್ತದ ಕುರ್ಚಿಯಲ್ಲಿ, ಜನರ ಅಹವಾಲು ಕೇಳುತ್ತಾ.

ನಾಲ್ಕು ಬಾರಿ ಗೆದ್ದರು, ಒಮ್ಮೆ ಸೋತರು, ಮಂತ್ರಿಯಾಗಲಿಲ್ಲ. ಸದನದಲ್ಲಿ ಅವರ ಮಾತು ಕೇಳಿದವರು ಕಡಿಮೆ. ಆದರೆ ಅವರಷ್ಟು ಕೇಳಿಸಿಕೊಂಡವರು ಯಾರಿದ್ದಾರೆ? ಕಣ್ಣು ಮುಚ್ಚಿಯೇ ಕೇಳುತ್ತಿದ್ದರು. ಏಕೆಂದು ವಿಚಾರಿಸಿದರೆ, "ಮುಖ ನೋಡಿದ್ರೆ ಯಾರು ಓಟು ಹಾಕ್ದೋರು, ಯಾರು ಹಾಕ್ದೇ ಇರೋರು ಅಂತ ನೆನಪಾಗುತ್ತೆ ಕಣೇ" ಎನ್ನುತ್ತಿದ್ದರು. ನನ್ನ ಮಾತಿಗೂ ಕಣ್ಣು ಮುಚ್ಚುತ್ತಿದ್ದರು. ಅದು ಮಾತ್ರ ನಿದ್ದೆ.

ಸಾಹೇಬರು ಕಣ್ಣು ಮುಚ್ಚಿದರೆ ಕೆಲಸವಾದಂತೆ ಎಂಬ ನಂಬಿಕೆ ಊರಿಗೆಲ್ಲ ಇತ್ತು. ಆದ್ದರಿಂದಲೇ ಆ ಬೆಳಿಗ್ಗೆ ಯಾರಿಗೂ ತಿಳಿಯಲಿಲ್ಲ. ಗಾರೆ ಕೆಲಸದವರೊಬ್ಬರು ಹೇಳಬೇಕಾದದ್ದನ್ನು ಹೇಳಿ, ಕೈಮುಗಿದು ಹೋದರು. ಆಮೇಲೆ ಒಬ್ಬ ಅಜ್ಜಿ. ಒಳಗೆ ನನಗೆ ಕೇಳಿಸುತ್ತಿತ್ತು: "ನಮ್ ಬೀದಿ ಬಸ್ಸು ನಿಲ್ಸ್‌ಬಿಟ್ಟಿದಾರೆ ಸಾರ್. ನಮ್ಮೆಜಮಾನ್ರನ್ನ ಎತ್ಕೊಂಡು ಹೋಗ್ಲಾ ಆಸ್ಪತ್ರೆಗೆ?" ನಕ್ಕೆ. ಅವರೂ ನಗುತ್ತಿರಬಹುದೆಂದುಕೊಂಡೆ.

ಎಲ್ಲರೂ ಹೋದ ಮೇಲೆ ಹೊರಗೆ ಬಂದೆ. ಆ ಮನೆಯಲ್ಲಿ ನನ್ನ ಸರದಿ ಯಾವಾಗಲೂ ಕೊನೆಯದು. ನನಗೂ ಅಂದು ಒಂದು ಅಹವಾಲಿತ್ತು: ಇನ್ನು ಚುನಾವಣೆ ಸಾಕು, ಉಳಿದ ದಿನಗಳು ನನಗಿರಲಿ ಎಂದು. ಭುಜ ಮುಟ್ಟಿದೆ. ತಣ್ಣಗಿತ್ತು.

ಕಳೆದ ವಾರ ಆ ಅಜ್ಜಿ ಗೇಟಿನ ಬಳಿ ನಿಂತು ಕೇಳಿದರು: "ಟೀಚರಮ್ಮಾ, ನಾನು ಹೇಳೋವಾಗ ಸಾಹೇಬ್ರು ಇದ್ರಾ?"

ಗೇಟು ತೆರೆದು, ಬಸ್ಸು ಬಂತೇ ಎಂದು ಕೇಳಿದೆ. ಇನ್ನೂ ಬಂದಿಲ್ಲವಂತೆ.

ಶಾಸಕರೇ, ಅವರ ಹೆಸರಿನಲ್ಲಿ ವೃತ್ತ, ಪುತ್ಥಳಿ ಎಂದೆಲ್ಲ ಘೋಷಿಸಿದಿರಿ. ಅವು ನನಗೆ ಬೇಡ. ಆ ಅಜ್ಜಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ನಾನೇ ಕರೆತಂದೆ. ದಯವಿಟ್ಟು ಕೆಳಗಿಳಿದು ಹೋಗಿ, ಬಸ್ಸು ಎಂದಿನಿಂದ ಬರುತ್ತದೆಂದು ಅವರಿಗೇ ಹೇಳಿ. ಅಲ್ಲಿಯವರೆಗೆ ನಾನಿಲ್ಲೇ ನಿಂತಿರುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.