ಅರ್ಜಿಗೆ ಲಗತ್ತಿಸಬೇಕಾದ ಒಂದು ಕಾಗದ

ಸಭೆಯ ಅಧ್ಯಕ್ಷರೂ ನಮ್ಮ ಟೈಪಿಂಗ್ ಶಾಲೆಯ ಮಾಲಕರೂ ಆದ ವಿರುಪಣ್ಣನವರೇ, ಕುಷ್ಟಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಮುಖ್ಯ ಅತಿಥಿಗಳೇ, ಯಲಬುರ್ಗಾದ ಹಿರಿಯರೇ, ನನ್ನ ವಿದ್ಯಾರ್ಥಿಗಳೇ, ಸಭಿಕರೇ,

"ಕಾಸೀಮಬೀ, ನೌಕರಿಗೆ ಅರ್ಜಿ ಹೆಂಗ ಬರೀಬೇಕು ಅನ್ನೋದನ್ನ ನಮ್ಮ ಹುಡುಗರಿಗೆ ನಾಕು ಮಾತಿನ್ಯಾಗ ಹೇಳವಾ" ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಹೇಳುತ್ತೇನೆ. ಆದರೆ ನನಗೆ ದಣಿವಾಗಿದೆ. ಎಂಬತ್ತನೇ ಇಸವಿಗೂ ಮುಂಚಿನಿಂದ, ಅಂದರೆ ಹದಿನೈದು ವರ್ಷದಿಂದ, ಈ ಊರಿನವರ ಅರ್ಜಿಗಳನ್ನು ಬಡಿದು ಬಡಿದು ಬೆರಳು ಸೋತಿವೆ. ಈ ಸಲ ನನ್ನದೇ ಒಂದು ಅರ್ಜಿ ಹಾಕಬೇಕೆಂದಿದ್ದೇನೆ. ಸರಕಾರಿ ಕಚೇರಿಯೊಂದಕ್ಕೆ ಬೆರಳಚ್ಚುಗಾರರು ಬೇಕಾಗಿದ್ದಾರೆ. ಬರುವ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಇದೇ ಕೊನೆಯ ಅವಕಾಶ.

ಅರ್ಜಿಯಲ್ಲಿ ಏನು ಬರೆಯಬೇಕು? ನಿಮಗೆ ಯಾವ ಕೆಲಸ ಬರುತ್ತದೆ ಎಂಬುದನ್ನು. ಏನು ಬರೆಯಬಾರದು? ನಿಮ್ಮ ಬಡತನವನ್ನು. ತಳಕಲ್ಲಿನ ಗಿಡ್ಡಪ್ಪ ನನ್ನೆದುರು ಕುಳಿತು, "ನಮ್ಮ ಎಮ್ಮಿ ಸತ್ತೈತಿ, ಅದನ್ನೂ ಹಾಕ್ರಿ ಅಕ್ಕಾರ, ಸಾಹೇಬರಿಗೆ ಕನಿಕರ ಬರ್ತೈತಿ" ಎಂದು ಪಟ್ಟು ಹಿಡಿದ. ಎಮ್ಮೆ ಸತ್ತದ್ದಕ್ಕೆ ಯಾರಾದರೂ ಗುಮಾಸ್ತನ ಕೆಲಸ ಕೊಡುತ್ತಾರೆಯೇ? ನಾನು ಹಾಕಲಿಲ್ಲ. ಅವನು ಸಿಟ್ಟಾದ.

ಇನ್ನೊಂದು ಮಾತು. ಅರ್ಜಿಗೆ ಅರಿಷಿಣ ಹಚ್ಚಬೇಡಿ. ನಗುತ್ತೀರಿ, ಮನೆಗೆ ಹೋಗಿ ಹಚ್ಚುತ್ತೀರಿ. ನನ್ನ ವಿದ್ಯಾರ್ಥಿ ತಿರುಪತಿಯ ತಾಯಿ ಯಂಕವ್ವ ಮಗನ ಅರ್ಜಿಯ ನಾಲ್ಕೂ ಮೂಲೆಗೆ, ಲಗ್ನಪತ್ರಿಕೆಗೆ ಹಚ್ಚುವ ಹಾಗೆ, ಹಸಿ ಅರಿಷಿಣ ಹಚ್ಚಿ ಮಡಚಿಟ್ಟಿದ್ದಳು. ಬಿಚ್ಚಿದರೆ ಸಹಿಯ ಮೇಲೆಲ್ಲ ಹಳದಿ. "ಛಲೋ ಕೆಲಸಕ್ಕ ಹೋಗೂ ಕಾಗದ, ಬರೇ ಹಂಗ ಕಳಸಾಕ ಬರ್ತೈತೇನವಾ?" ಎಂದಳು. ಎಲ್ಲವನ್ನೂ ಮೊದಲಿನಿಂದ ಬಡಿದೆ. ಹುಡುಗನಿಗೆ ನೌಕರಿ ಸಿಕ್ಕಿತು. ಹೊಸ ಹಾಳೆಯ ಹಿಂದೆಯೂ ಯಾರಿಗೂ ಕಾಣದಂತೆ ಒಂದು ಬೊಟ್ಟು ಇಟ್ಟಿದ್ದಳಂತೆ. ನೌಕರಿ ಸಿಕ್ಕಿದ್ದು ಅದರಿಂದಲೇ ಎಂದು ಇವತ್ತಿಗೂ ಹೇಳುತ್ತಾಳೆ. ಹೇಳಲಿ ಬಿಡಿ.

ಇನ್ನು ಲಗತ್ತುಗಳು. ಅನುಭವಪತ್ರವಿಲ್ಲದ ಅರ್ಜಿಯನ್ನು ಯಾರೂ ತಿರುವಿ ನೋಡುವುದಿಲ್ಲ. ನನ್ನ ಅರ್ಜಿಗೂ ಅದೊಂದೇ ಬಾಕಿ. ಕೊಡಬೇಕಾದವರು ನಮ್ಮ ಅಧ್ಯಕ್ಷರು. ಇಂಥ ಜಾಹೀರಾತು ಬಂದೀತೆಂದು ದಸರೆಗೇ ಕೇಳಿದ್ದೆ. "ನೀ ನಮ್ಮ ಮನಿ ಮಗಳಿದ್ದಂಗ. ಮಗಳಿಗೆ ಯಾರರ ಅನುಭವಪತ್ರ ಕೊಡ್ತಾರೇನು?" ಎಂದು ನಕ್ಕರು. ಸಂಕ್ರಾಂತಿಗೆ ಕೇಳಿದೆ, ಚಹಾ ತರಿಸಿದರು. ಉಗಾದಿಗೆ ಕೇಳಿದೆ, "ನೀ ಹೋದ್ರ ಈ ಸಾಲಿ ಯಾರು ನೋಡ್ಬೇಕವಾ?" ಎಂದರು. ಅವರ ಮನಸ್ಸಿನಲ್ಲಿದ್ದ ಮಾತು ಅಂದು ಹೊರಗೆ ಬಂತು. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಮಗಳೆನ್ನಿಸಿಕೊಳ್ಳುವುದು ಸಂತೋಷವೇ. ಆದರೆ ಮಗಳನ್ನೂ ಒಂದು ದಿನ ಕಳಿಸಿಕೊಡುತ್ತಾರಲ್ಲವೇ?

ಇವತ್ತು ನೀವೆಲ್ಲ ಸೇರಿ ನನಗೆ ಶಾಲು ಹೊದಿಸಿದಿರಿ. ಜರಿ ಬಹಳ ಚೆನ್ನಾಗಿದೆ. ಇದನ್ನು ಅರ್ಜಿಗೆ ಲಗತ್ತಿಸಲು ಬರುವುದಿಲ್ಲ.

ವಿರುಪಣ್ಣಾರ, ಅನುಭವಪತ್ರ ನಾನ ಟೈಪ್ ಮಾಡಿ ತಂದೀನ್ರಿ. ಅರ್ಜಿ ಮುಟ್ಟಸಾಕ ನಾಳಿ ಕಡೀ ದಿನ, ಮುಂಜಾನಿ ಬಸ್ಸಿಗೆ ನಾನ ಒಯ್ತೀನಿ. ನಿಮ್ಮ ಸಹಿ ಒಂದ ಬೇಕಾಗೈತಿ. ಮಗಳು ಅಂತ ಮಂದಿ ಮುಂದ ಭಾಳ ಸಲ ಅಂದೀರಿ, ಇವತ್ತ ಅದೇ ಮಂದಿ ಮುಂದ ಕಳಿಸಿಕೊಡ್ರಿ.

ಇಷ್ಟು ಹೊತ್ತು ಕೇಳಿದ ಎಲ್ಲರಿಗೂ ನಾನು ಋಣಿ. ಚಪ್ಪಾಳೆ ಈಗಲೇ ತಟ್ಟಬೇಡಿ, ಸಹಿಯಾಗಲಿ. ನಮಸ್ಕಾರ.